ಪಿಸ್ತೂಲಪ್ಪನವರ ರಿಪೇರಿ

ಪಿಸ್ತೂಲಪ್ಪನವರ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿಗೆ ಆಯುಸ್ಸಿಲ್ಲ. ಸೈನ್ಯದಲ್ಲಿದ್ದ ತಾತನ ಪೆಟ್ಟಿಗೆಯಲ್ಲಿ ಕಬ್ಬಿಣ ಉಜ್ಜುವ ಪುಟ್ಟ ಅರವೊಂದರ ಜೊತೆ ಸಿಕ್ಕ ತುಕ್ಕುಹಿಡಿದ ಪಿಸ್ತೂಲನ್ನು ಅವರು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದರೆಂದರೆ, ಮನೆಮಂದಿಯೆಲ್ಲ ತಟ್ಟೆ ಹಿಡಿದು ನಿಂತೇ ಉಣ್ಣಬೇಕು. ಹೆಂಡತಿಯ ತಲೆಯೆಣ್ಣೆ ಸ್ಪ್ರಿಂಗಿಗೆ, ಮಗಳ ರೇಷ್ಮೆ ರಿಬ್ಬನ್ನು ನಳಿಗೆಗೆ. "ಈ ಒಡಕಲು ಹಿಡಿಯಾದ್ರೂ ಬದಲಾಯಿಸ್ರೀ" ಎಂದರೆ, "ತಾತನ ಕೈಲಿ ಹೇಗಿತ್ತೋ ಹಾಗೇ ಇರ್ಬೇಕು ಕಣೇ!" ಎಂದು ಹಾರಾಡುತ್ತಾರೆ. ಬ್ರಷ್ಷಿನಲ್ಲಿ ಉಜ್ಜಿದಷ್ಟೂ ಪಿಸ್ತೂಲು ಹೊಳೆಯುತ್ತದೆ, ಅವರು ಹೇಳುವ ಕಥೆಯಲ್ಲಿ ತಾತ ಹೊಡೆದುರುಳಿಸಿದ ಶತ್ರುಗಳೂ ಹೆಚ್ಚುತ್ತಾರೆ. ಮೊನ್ನೆ ಒಳಗಿನ ತುಕ್ಕು ಬಿಟ್ಟಾಗ, ಗುಂಡು ಸಿಡಿಸುವ ಮೊಳೆಯನ್ನು ಯಾರೋ ಬೇಕೆಂದೇ ಉಜ್ಜಿ ಮೊಂಡು ಮಾಡಿದ್ದು ಕಂಡಿತು. ತಾತನ ಅರದ ಹಲ್ಲು ಆ ಗೀರುಗಳಿಗೆ ಸರಿಯಾಗಿ ಕೂತಿತು. "ಹೊಸ ಮೊಳೆ ಹಾಕಿದ್ರೆ ಗುಂಡು ಹಾರತ್ತೇನ್ರೀ?" ಎಂದಳು ಹೆಂಡತಿ. ಪಿಸ್ತೂಲಪ್ಪನವರು ಮೊಂಡು ಮೊಳೆಗೆ ಎಣ್ಣೆ ಸವರಿ, ಇದ್ದಲ್ಲೇ ಕೂರಿಸಿ, ಮೆಲ್ಲನೆ, "ತಾತನ ಕೈಲಿ ಹೇಗಿತ್ತೋ ಹಾಗೇ" ಎಂದರು.