ಆಂಟೆನಾ ಕಟ್ಟುವ ಮುನಿಲಕ್ಷ್ಮಮ್ಮ

ಜೀವನ್ ಬಿಮಾ ನಗರದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಹಾಲಿನವನ ಸೈಕಲ್ಲು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಎರಡಂತಸ್ತಿನ ಮನೆಯೊಂದರ ತಾರಸಿಯಲ್ಲಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬರು ಮೋಟುಗೋಡೆಗೆ ಮಂಡಿ ಆನಿಸಿ ಡಿಶ್ಶಿನ ನಟ್ಟು ಬಿಗಿಯುತ್ತಿದ್ದಾರೆ. ಒಳಗೆ ಟೀವಿಯ ಮುಂದೆ ಮನೆಯೊಡತಿ ವಿಮಲಾಕ್ಷಿ, ಕೆಳಗೆ ಗೇಟಿನ ಬಳಿ ಈ ಹೆಂಗಸಿನ ಗಂಡ ಚಲುವಯ್ಯ. ವಿಮಲಾಕ್ಷಿ ಹೇಳಿದ್ದನ್ನು ಚಲುವಯ್ಯ ಮೇಲಕ್ಕೆ ಕೂಗಿ ದಾಟಿಸುತ್ತಾರೆ. ಚಿತ್ರ ಅಲುಗದೆ ನಿಂತಿತೆಂದು ಗೊತ್ತಾದ ಮೇಲೆ ಕೊನೆಯ ಸುತ್ತು ಬಿಗಿದು ಮುನಿಲಕ್ಷ್ಮಮ್ಮ ಏಣಿ ಇಳಿಯುತ್ತಾರೆ. ಬಿಸಿಲೇರಿದರೆ ಶೀಟಿನ ಮಾಡುಗಳ ಮೇಲೆ ಕೈಯಿಡಲಾಗುವುದಿಲ್ಲ. ಅದಕ್ಕೇ ಅವರ ದಿನ ಇಷ್ಟು ಬೇಗ ಶುರುವಾಗುತ್ತದೆ. ದಿನಕ್ಕೆ ಮೂರು ಮನೆ, ಹಬ್ಬ ಹತ್ತಿರವಾದರೆ ಐದು.

ಈ ಕೆಲಸ ಮೊದಲು ಚಲುವಯ್ಯನವರದು. ಟಿನ್ ಫ್ಯಾಕ್ಟರಿ ಬಳಿ ಅವರದೊಂದು ರೇಡಿಯೊ, ಟೀವಿ ರಿಪೇರಿ ಅಂಗಡಿ. ತೊಂಬತ್ತರ ದಶಕದ ಆರಂಭದಲ್ಲಿ ಕೆ.ಆರ್. ಪುರದಿಂದ ಹಲಸೂರಿನವರೆಗೆ ಎಷ್ಟೋ ಮನೆಗಳ ಮೇಲೆ ಅವರು ಕಟ್ಟಿದ ಅಲ್ಯುಮಿನಿಯಂ ಆಂಟೆನಾಗಳಿದ್ದವು. ಆಗ ಮುನಿಲಕ್ಷ್ಮಮ್ಮ ದೇವಸಂದ್ರದ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. 1996ರ ಬೇಸಿಗೆಯಲ್ಲಿ ಹಲಸೂರಿನ ಮನೆಯೊಂದರ ಮೇಲೆ ಗಾಳಿಗೆ ಕಂಬ ವಾಲಿ ಕರೆಂಟಿನ ತಂತಿಗೆ ತಾಗಿತು. ಚಲುವಯ್ಯ ಕೆಳಗಿದ್ದ ಮರಳಿನ ಗುಡ್ಡೆಯ ಮೇಲೆ ಬಿದ್ದು ಬದುಕಿಕೊಂಡರು. ಬಲಗೈ ಬೆರಳುಗಳು ಮಾತ್ರ ಮತ್ತೆ ಸರಿಯಾಗಿ ಮಡಚಲಿಲ್ಲ.

ಆಸ್ಪತ್ರೆಯಿಂದ ಬಂದ ಚಲುವಯ್ಯ ಅಂಗಡಿ ಮುಚ್ಚುವ ಮಾತಾಡಿದರು. ಹೆಂಡತಿ ಒಪ್ಪಲಿಲ್ಲ. "ನೀವು ಕೆಳಗೆ ನಿಂತು ಹೇಳಿ, ನಾನು ಹತ್ತುತೀನಿ ಅಂದೆ. ನಾಕು ದಿನ ಆಗಲ್ಲ ಅಂತಾನೇ ಹಟ ಹಿಡಿದ್ರು ನಮ್ಮನೆಯವ್ರು" ಎಂದು ಮುನಿಲಕ್ಷ್ಮಮ್ಮ ನಗುತ್ತಾರೆ. ಕೊನೆಗೆ ಚಲುವಯ್ಯ ಒಂದು ಷರತ್ತು ಹಾಕಿ ಒಪ್ಪಿದರು. ಕರೆಂಟಿನ ತಂತಿ ಹತ್ತಿರವಿರುವ ಮನೆಯ ಕೆಲಸ ಹಿಡಿಯಕೂಡದು. ಆ ಷರತ್ತನ್ನು ಮುನಿಲಕ್ಷ್ಮಮ್ಮ ಇವತ್ತಿಗೂ ಮುರಿದಿಲ್ಲ.

ಹೆಂಗಸು ತಾರಸಿ ಹತ್ತುವುದನ್ನು ಕಂಡು ನಕ್ಕವರಿದ್ದರು, ಗೇಟಿನಿಂದಲೇ ವಾಪಸು ಕಳಿಸಿದವರೂ ಇದ್ದರು. ಮುನಿಲಕ್ಷ್ಮಮ್ಮನವರನ್ನು ಕೈಹಿಡಿದದ್ದು ಶಿವಾಜಿನಗರದ ಗಲ್ಲಿಗಳು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹೊರಗಿನ ಗಂಡಸನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳಿಗೆ, ಆಂಟೆನಾ ಕಟ್ಟುವ ಹೆಂಗಸು ಸಿಕ್ಕಿದ್ದೇ ಅನುಕೂಲವಾಯಿತು. ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಊರೆಲ್ಲ ಕೇಬಲ್ ಹರಡಿದ ಮೇಲೂ, ಕೇಬಲ್ ಬೇಡವೆಂದ ಇಂಥ ಮನೆಗಳೇ ಅವರ ಒಲೆ ಆರದಂತೆ ನೋಡಿಕೊಂಡವು.

ಆಮೇಲೆ ಎತ್ತರದ ಕಟ್ಟಡಗಳು ಎದ್ದವು. ಅಲೆಗಳು ಅವಕ್ಕೆ ಬಡಿದು ಬಂದು ಆಂಟೆನಾದ ಚಿತ್ರ ಎರಡೆರಡಾಗಿ ಕಾಣತೊಡಗಿತು. ಅದೇ ಹೊತ್ತಿಗೆ, ಅಂದರೆ 2005ರಲ್ಲಿ, ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಜಿಟಲ್ ಡಿಶ್ ಪೇಟೆಗೆ ಬಂತು. ಮುನಿಲಕ್ಷ್ಮಮ್ಮ ಮೊದಲ ಡಿಶ್ ಕಟ್ಟಲು ಹೋದದ್ದು ಶಿವಾಜಿನಗರದ ಬದ್ರುನ್ನೀಸಾ ಅವರ ಮನೆಗೆ. ಬದ್ರುನ್ನೀಸಾರ ತಾಯಿ ಉಮ್ಮೆ ಕುಲ್ಸುಂ ಸೊಂಟ ಮುರಿದು ಮಂಚ ಹಿಡಿದಿದ್ದರು. ಅವರಿಗೆ ಹೊರಗಿನ ಲೋಕವೆಂದರೆ ಟೀವಿಯೊಂದೇ.

ಎರಡು ದಿನ ತಿಣುಕಿದರೂ ಚಿತ್ರ ಬರಲಿಲ್ಲ. ಹಳೆಯ ಆಂಟೆನಾ ಆದರೆ ಚುಕ್ಕಿಗಳ ನಡುವೆಯೂ ಒಂದು ಮುಖ ಮಸುಕಾಗಿ ಕಾಣುತ್ತಿತ್ತು, ಅದು ತಿಳಿಯಾಗುವ ಕಡೆಗೆ ತಿರುಗಿಸುತ್ತ ಹೋದರಾಯಿತು. ಇಲ್ಲಿ ಪರದೆ ಬರೀ ನೀಲಿ. ಎರಡನೆಯ ಮಧ್ಯಾಹ್ನ, ಗಲ್ಲಿಯಲ್ಲೇ ನಿಂತಿದ್ದ ಚಲುವಯ್ಯ, ಡಿಶ್ ವಾಪಸು ಮಾಡಿಬಿಡೋಣ ಎಂದರು. ಮುನಿಲಕ್ಷ್ಮಮ್ಮನವರ ಕೈಯೂ ಸೋತಿತ್ತು. ಇದು ಒಲಿಯದಿದ್ದರೆ ಮತ್ತೆ ಊದುಬತ್ತಿಯೇ ಗತಿ ಎಂದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಮಂಚದ ಮೇಲಿದ್ದ ಉಮ್ಮೆ ಕುಲ್ಸುಂ ಮಗಳನ್ನು ಕರೆದರು. ಟೀವಿಯ ಕಡೆಗೇ ಮುಖ ಮಾಡಿ ಮಲಗಿದ್ದ ಅವರು, ಪರದೆಯ ಮೇಲೆ ಏನೋ ಮಿಂಚಿ ಮಾಯವಾಗಿದ್ದನ್ನು ಎರಡು ಸಲ ಕಂಡಿದ್ದರು. ಬದ್ರುನ್ನೀಸಾ ಮೆಟ್ಟಿಲ ಬಳಿ ಬಂದು ಹೇಳಿದರು: "ನೀವು ಭಾಳ ಜಲ್ದಿ ತಿರುಗಿಸ್ತೀರಂತೆ. ಒಂದೊಂದ್ ಕಡೆ ಸ್ವಲ್ಪ ನಿಲ್ಸಿ ನೋಡಿ ಅಂತಾರೆ ಅಮ್ಮಿ."

ಮುನಿಲಕ್ಷ್ಮಮ್ಮ ಕೂದಲೆಳೆಯಷ್ಟು ತಿರುಗಿಸಿದರು, ಕಾದರು, ಮತ್ತೆ ತಿರುಗಿಸಿದರು. ಚಿತ್ರ ಹಿಡಿಯಲು ಡಿಶ್ಶಿನ ಪೆಟ್ಟಿಗೆಗೆ ತುಸು ಹೊತ್ತು ಬೇಕಿತ್ತು. ಆಂಟೆನಾ ತಿರುಗಿಸಿ ಪಳಗಿದ ಕೈ ಅಷ್ಟು ಹೊತ್ತು ಕೊಟ್ಟಿರಲೇ ಇಲ್ಲ. ಕೆಳಗಿನಿಂದ ಸುದ್ದಿ ಓದುವವರ ದನಿ ಕೇಳಿಸಿತು, ಹಿಂದೆಯೇ ಚಲುವಯ್ಯ, ಕೈ ತೆಗಿ, ಮುಟ್ಟಬೇಡ ಎಂದರು. ಮುನಿಲಕ್ಷ್ಮಮ್ಮ ಸ್ಪ್ಯಾನರು ಕೆಳಗಿಟ್ಟು ಕೂತಲ್ಲೇ ಕೂತುಬಿಟ್ಟರು.

"ಅಜ್ಜಿ ಟೀವಿ ಜೋರಾಗಿ ಇಡಿಸ್ಕೊಂಡ್ರು. ಆ ಸದ್ದು ಕೇಳ್ದಾಗ ಹೋದ ಜೀವ ಬಂದಂಗಾಯ್ತು."

ಅದಾದ ಮೇಲೆ ಅದೇ ಗಲ್ಲಿಯಲ್ಲಿ ಒಂದರ ಹಿಂದೊಂದು ಮನೆ ಕರೆಯಿತು. ಅಂಗಡಿಯ ಬಾಗಿಲು ಈಗಲೂ ತೆರೆದಿದೆ, ಊದುಬತ್ತಿಯ ಮಣೆ ಅಟ್ಟ ಸೇರಿದೆ. ಆಸೆ ಏನಾದರೂ ಇದೆಯೇ ಎಂದರೆ, ಮನೆ ಕಟ್ಟಿಸುವವರು ತಾರಸಿಗೊಂದು ಸರಿಯಾದ ಮೆಟ್ಟಿಲು ಮಾಡಿಸಲಿ ಎನ್ನುತ್ತಾರೆ ಮುನಿಲಕ್ಷ್ಮಮ್ಮ.

"ಏಣಿ ಹೊರೋದು ತಪ್ತದೆ. ನಮ್ಮನೆಯವ್ರ ಗಾಬರೀನೂ ಕಮ್ಮಿ ಆಗ್ತದೆ. ಈಗ್ಲೂ ನಾನು ಇಳಿದು ನೆಲಕ್ಕೆ ಕಾಲಿಟ್ಟ ಮೇಲೇನೇ ಅವ್ರು ಬೀಡಿ ಹಚ್ಚೋದು."