ಪ್ಯಾಂಟಿನ ಅಂಚಿಗೆ ಅಂಟಿದ ಗಿಡ

ನನ್ನ ವಾರಗಿತ್ತಿಗೆ ಊರಿನವರ ಮುಖಕ್ಕಿಂತ ಅವರ ಪ್ಯಾಂಟಿನ ಅಂಚು ಚೆನ್ನಾಗಿ ಗೊತ್ತು. ನಾವಿಬ್ಬರೂ ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದವರು. ಗಂಡಂದಿರು ಲಾರಿ ಓಡಿಸುತ್ತಾ ಊರೂರು ಸುತ್ತುತ್ತಾರೆ. ನಾವು ಬೀದಿಯ ಮೂಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇವೆ. ಒಗೆಯುವುದು ನಾನು ಅಕ್ಕ ಎಂದು ಕರೆಯುವ ಅವಳು, ಇಸ್ತ್ರಿ ಒತ್ತಿ ಸೈಕಲ್ ಮೇಲೆ ಮನೆಮನೆಗೆ ತಲುಪಿಸುವುದು ನಾನು. ವಾರಗಿತ್ತಿಯರು ಹಾವು ಮುಂಗುಸಿಯಂತಿರಬೇಕು ಎನ್ನುತ್ತಾರೆ. ನಮ್ಮಲ್ಲಿ ಹಾಗೇನಿಲ್ಲ, ದಿನಕ್ಕೆ ಎರಡು ಸಲ ಜಗಳವಾಡುತ್ತೇವೆ, ಅಷ್ಟೇ.

ಜಗಳವೆಲ್ಲ ಕಳೆಗಿಡಗಳದ್ದು. ಬಟ್ಟೆ ನೆನೆಹಾಕುವ ಮುಂಚೆ ಅಕ್ಕ ಪ್ರತಿ ಪ್ಯಾಂಟಿನ ಅಂಚು ಬಿಡಿಸಿ, ಜೇಬು ತಿರುವಿ, ಅಂಟಿದ ಬೀಜಗಳನ್ನು ಚಿಮುಟದಿಂದ ಎತ್ತಿಕೊಳ್ಳುತ್ತಾಳೆ. ಗೊತ್ತಿದ್ದ ಬೀಜವಾದರೆ ನಗುತ್ತಾಳೆ. ಗೊತ್ತಿಲ್ಲದ್ದಾದರೆ ಖಾಲಿ ಡಬ್ಬದಲ್ಲಿ ಮಣ್ಣು ತುಂಬಿ ನೆಟ್ಟು, ಮೊಳೆತದ್ದನ್ನು ಬಾಣಂತಿಯ ಮಗುವಿನಂತೆ ನೋಡಿಕೊಳ್ಳುತ್ತಾಳೆ. ಹಿತ್ತಲಲ್ಲಿ ಬಟ್ಟೆ ಹರವಲು ಜಾಗವಿಲ್ಲ, ಕಳೆಗಿಡಕ್ಕೆ ಮಾತ್ರ ಸಾಲು ಸಾಲು ಆಸನ. ಜನ ಗುಲಾಬಿ ಬೆಳೆಸುತ್ತಾರೆ, ನಮ್ಮ ಮನೆಯಲ್ಲಿ ಜನ ಕಿತ್ತು ಎಸೆಯುವುದನ್ನೇ ನೀರು ಹಾಕಿ ಬೆಳೆಸುತ್ತೇವೆ. ನಡುವೆ ಒಂದೆರಡು ಡಬ್ಬ ಖಾಲಿಯಾದರೆ, ಬೆಕ್ಕು ಬೀಳಿಸಿತು ಎನ್ನುತ್ತೇನೆ.

ಒಂದು ವಿದ್ಯೆ ಮಾತ್ರ ಒಪ್ಪಲೇಬೇಕು. ಬ್ಯಾಂಕಿನ ಗುಮಾಸ್ತನ ಪ್ಯಾಂಟಿಗೆ ಉತ್ತರಾಣಿ ಬೀಜ ಅಂಟಿದ್ದರೆ, "ಇವತ್ತು ತಡ ಆಗಿದೆ, ಹಿಂದಿನ ಗೋಡೆ ಹಾರಿ ಒಳಗೆ ಹೋಗಿದಾನೆ" ಎನ್ನುತ್ತಾಳೆ. ಔಷಧಿ ಅಂಗಡಿಯವನ ಕಾಲುಚೀಲದಲ್ಲಿ ನೆಗ್ಗಿಲು ಮುಳ್ಳು ಸಿಕ್ಕರೆ, ಅವನು ವಾಯುವಿಹಾರ ಬಿಟ್ಟು ಮೈದಾನದ ಮೂಲೆಯಲ್ಲಿ ಇಸ್ಪೀಟಿಗೆ ಕೂತಿದ್ದ ಎಂದರ್ಥ. ಒಮ್ಮೆ ನಾನು ಯಾರದೋ ಅಂಗಿಗೆ ನೀರು ಚಿಮುಕಿಸಿದೆ ನೋಡಿ, ಜೇಬಿನೊಳಗಿಂದ ಪಟ್ ಎಂದು ಸಿಡಿದು ಕೆನ್ನೆಗೆ ಏನೋ ಬಡಿಯಿತು. ಕಿರುಚಿಕೊಂಡೆ. ಅಕ್ಕ ಓಡಿ ಬಂದಳು, ನನ್ನನ್ನು ನೋಡಲಿಕ್ಕಲ್ಲ, ಬೀಜ ಎಲ್ಲಿ ಬಿತ್ತೆಂದು ನೋಡಲಿಕ್ಕೆ. ಅದು ನೀರು ತಾಗಿದರೆ ಸಿಡಿಯುವ ಕಾಯಿಯಂತೆ. "ಮಳೆ ಬಂತು ಅಂದ್ಕೊಂಡಿದೆ ಪಾಪ" ಎಂದಳು. ಪಾಪ ನಾನಲ್ಲ, ಕಾಯಿ!

ಆದರೆ ಅವಳ ಬಾಯಿಗೆ ಬೀಗ. ಜೇಬಿನಲ್ಲಿ ಸಿಕ್ಕಿದ ಚೀಟಿ, ಚಿಲ್ಲರೆ ಬಟ್ಟೆಯ ಜೊತೆಗೇ ವಾಪಸ್ಸು ಹೋಗಬೇಕು, ಗುಟ್ಟೂ ಅಷ್ಟೇ ಎಂಬುದು ಅವಳ ಕಾನೂನು. ನನಗೆ ಹೇಳಿದರೆ ಹೇಳಿದ ಹಾಗಲ್ಲವಂತೆ.

ಅವಳಿಗೆ ಭೂತಗನ್ನಡಿ ಕೊಟ್ಟು ಗಿಡ ಒತ್ತಿಡುವುದನ್ನು ಕಲಿಸಿದವರು ನಮ್ಮ ಗಿರಾಕಿ, ಕಾಲೇಜಿನ ಸಸ್ಯಶಾಸ್ತ್ರದ ಮೇಡಂ. ಗಿಡವನ್ನು ಹಳೆಯ ಪೇಪರಿನ ನಡುವೆ ಇಟ್ಟು, ಮಡಿಸಿದ ಹಾಸಿಗೆ ಬಟ್ಟೆಗಳ ರಾಶಿಯ ಕೆಳಗೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ವಿವರ ಬರೆಯಬೇಕು. ಅಕ್ಕ ಮೊದಲ ಹಾಳೆಯನ್ನು ಹೆಮ್ಮೆಯಿಂದ ಒಯ್ದಳು. ಸಿಕ್ಕಿದ ಸ್ಥಳ ಎಂಬಲ್ಲಿ, "ಹೆಡ್‌ಮೇಷ್ಟ್ರ ಪ್ಯಾಂಟು, ಎಡಗಾಲು" ಎಂದು ಸತ್ಯವನ್ನೇ ಬರೆದಿದ್ದಳು. ಮೇಡಂ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರಂತೆ.

"ಪ್ಯಾಂಟು ಸ್ಥಳ ಅಲ್ಲ ಕಣಮ್ಮಾ. ಇದು ಯಾವ ಗಿಡ ಅಂತ ನನಗೂ ಖಾತ್ರಿ ಇಲ್ಲ. ಬೆಳೆದ ಜಾಗದಿಂದ ಹೂವೂ ಕಾಯಿಯೂ ಇರೋ ಕೊಂಬೆ ತನ್ನಿ. ಬರೋ ವಾರದ ಶನಿವಾರ ದೊಡ್ಡ ಸಸ್ಯ ಸಂಗ್ರಹಾಲಯಕ್ಕೆ ಇಂಥ ಹಾಳೆಗಳ ಕಟ್ಟು ಕಳಿಸ್ತಿದೀನಿ. ನಿಮ್ಮ ಹೆಸರಲ್ಲೇ ಹೋಗುತ್ತೆ, ನೂರು ವರ್ಷ ಇರುತ್ತೆ."

ಅಷ್ಟು ಸಾಕಾಯಿತು. ಅಂದಿನಿಂದ ಅಕ್ಕನಿಗೆ ಅನ್ನ ನೀರು ರುಚಿಸಲಿಲ್ಲ. "ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ರು" ಎಂದಳು. "ಆಮೇಲೆ ನನ್ನ ಹೆಸರನ್ನ ಯಾರಾದ್ರೂ ಬರೆದಿದ್ರೆ ಅದು ಕರೆಂಟ್ ಬಿಲ್ ಮೇಲೆ. ಅದೂ ತಪ್ಪಾಗಿ."

ಆ ಬೀಜವೋ, ಚಪ್ಪಟೆಯಾದ ತುಂಡುಗಳ ಸರ. ಎಳೆದರೆ ತುಂಡು ತುಂಡಾಗಿ ಕಳಚಿ, ಒಂದೊಂದು ತುಂಡೂ ಬೇರೆ ಕಡೆ ಹೋಗಿ ಅಂಟುತ್ತದೆ. ಡಬ್ಬದಲ್ಲಿ ಮೂರೆಲೆಯ ಗಿಡವಾಗಿ ಬೆಳೆಯಿತು, ಹೂ ಮಾತ್ರ ಬಿಡಲಿಲ್ಲ. ಪ್ರತಿ ಸೋಮವಾರ ಹೆಡ್‌ಮೇಷ್ಟ್ರ ಪ್ಯಾಂಟಿನಲ್ಲಿ ಮಾತ್ರ ಹೊಸ ಬೀಜ ಬರುತ್ತಿತ್ತು. ಇವರಿಗೆ ಊರೆಲ್ಲ ಇಟ್ಟ ಹೆಸರು ಹತ್ತು ಮೈಲಿ ಮೇಷ್ಟ್ರು. "ನಿಮ್ಮ ವಯಸ್ಸಲ್ಲಿ ನಾನು ದಿನಾ ಹತ್ತು ಮೈಲಿ ಸೈಕಲ್ ತುಳಿದು ಶಾಲೆಗೆ ಹೋಗ್ತಿದ್ದೆ" ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದವರು. ಅದರ ಬೆನ್ನಿಗೇ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬುದೊಂದು ಗಾದೆ.

"ಸಾರ್, ಭಾನುವಾರ ಎಲ್ಲಿಗಾದ್ರೂ ಹೋಗಿದ್ರಾ?" ಎಂದು ಅಕ್ಕ ಕೇಳಿದಳು.

"ಎಲ್ಲಿಗೂ ಇಲ್ಲ! ಮನೇಲೇ ಇದ್ದೆ!" ಎಂದು ಮೇಷ್ಟ್ರು ಥಟ್ಟನೆ ಬಗ್ಗಿ ಮೊಣಕಾಲು ಕೊಡವಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವತ್ತು ಅಂಗಡಿ ಮುಚ್ಚಿದ ಮೇಲೆ ಆ ಪ್ಯಾಂಟನ್ನು ಮೇಜಿನ ಮೇಲೆ ಹರವಿದೆವು. ಮೊಣಕಾಲಲ್ಲಿ ಇಟ್ಟಿಗೆ ಪುಡಿ. ಹಿಂಬದಿಯಲ್ಲಿ ಜೊಂಡಿನ ಅರಳೆ. "ನೀರಿದೆ, ಇಟ್ಟಿಗೆ ಇದೆ, ಅಂದ್ರೆ ಊರಾಚೆ ಹಳೇ ಇಟ್ಟಿಗೆ ಗೂಡು" ಎಂದಳು ಅಕ್ಕ. ಬಲಗಾಲಿನ ಒಳಬದಿಯಲ್ಲಿ ಕರಿ ಕಲೆಯೊಂದಿತ್ತು. ಅದೇನೆಂದು ಅವಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಹತ್ತು ವರ್ಷ ಪ್ಯಾಡಲ್ ತುಳಿದವಳಿಗೆ ಚೈನಿನ ಗ್ರೀಸು ಗೊತ್ತಾಗದೇ?

ಭಾನುವಾರ ಬೆಳಿಗ್ಗೆ ಹೋದೆವು. ಮಣ್ಣು ಅಗೆದ ಹಳ್ಳದ ತಳದಲ್ಲಿ, ರಿಬ್ಬನ್ ಕಟ್ಟಿದ ಪುಟ್ಟ ಸೈಕಲ್ಲೊಂದರ ಮೇಲೆ ಹತ್ತು ಮೈಲಿ ಮೇಷ್ಟ್ರು ಕೂತಿದ್ದರು. ಅದು ಮೊಮ್ಮಗಳದ್ದು. ಹತ್ತು ಮೈಲಿ ಹಾಗಿರಲಿ, ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್ಲು ಒಂದು ಕಡೆ, ಇವರು ಒಂದು ಕಡೆ. ಬಿದ್ದದ್ದು ನೇರಳೆ ಬಣ್ಣದ ಸಣ್ಣ ಹೂವಿನ ಪೊದೆಯ ಮೇಲೆ. ಎದ್ದು ನೋಡಿದರೆ ಎದುರಿಗೆ ನಾವು.

"ನೀವು ನನ್ನನ್ನ ನೋಡಿಲ್ಲ" ಎಂದರು ಮೇಷ್ಟ್ರು, ಶಾಲೆಯ ದನಿಯಲ್ಲೇ.

"ನಿಮ್ಮನ್ನ ಯಾರು ನೋಡಿದ್ರು ಸಾರ್?" ಎಂದಳು ಅಕ್ಕ. "ಸ್ವಲ್ಪ ಕಾಲೆತ್ತಿ, ಹೂವಿನ ಮೇಲೆ ನಿಂತಿದೀರಿ."

ಇಟ್ಟಿಗೆ ರಾಶಿಯ ಮೇಲೆ ಕೂತು ಅವರು ಎಲ್ಲ ಹೇಳಿಕೊಂಡರು. ಮುಂದಿನ ತಿಂಗಳು ನಿವೃತ್ತಿ. ಹತ್ತು ಮೈಲಿಯ ಕಥೆಯನ್ನು ನಂಬಿದ ಶಿಕ್ಷಕರು ಬೀಳ್ಕೊಡುಗೆಗೆ ಹೊಸ ಸೈಕಲ್ ತಂದು, ಮೈದಾನದಲ್ಲಿ ಒಂದು ಸುತ್ತು ಹೊಡೆಸುವುದೆಂದು ತೀರ್ಮಾನಿಸಿದ್ದರು. ಮೇಷ್ಟ್ರು ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ, ಚಿಕ್ಕಂದಿನಲ್ಲಿ ಶಾಲೆ ಮನೆಯ ಎದುರೇ ಇತ್ತು. "ಈ ಜಾಗ ಮಾತ್ರ ಯಾರಿಗೂ ಹೇಳಬೇಡಿಮ್ಮಾ" ಎಂದು ಕೈಮುಗಿದರು.

ಗಿಡ ಸಿಕ್ಕಿತು, ಹೂವೂ ಕಾಯಿಯೂ ಸಿಕ್ಕಿತು, ವಾರದಲ್ಲಿ ಒಣಗಿ ಹಾಳೆ ಸಿದ್ಧವಾಯಿತು. ಶನಿವಾರ ಅಕ್ಕ ಅದನ್ನು ಮೇಡಂಗೆ ಕೊಟ್ಟಾಗ ಸ್ಥಳದ ಜಾಗ ಖಾಲಿ ಇತ್ತು. "ಎಲ್ಲಿ ಸಿಕ್ತು ಹೇಳಿ, ನಾಳೆನೇ ಮಕ್ಕಳನ್ನ ಕರ್ಕೊಂಡು ಹೋಗಿ ನೋಡ್ತೀನಿ" ಎಂದರು ಮೇಡಂ. ಅವರ ಕಾಲೇಜಿನ ಮಕ್ಕಳೆಂದರೆ ಅರ್ಧಕ್ಕರ್ಧ ಮೇಷ್ಟ್ರ ಹಳೆಯ ಶಿಷ್ಯರು. ಹೇಳುವುದಿಲ್ಲ ಎಂದು ಅಕ್ಕ ತಲೆ ಅಲ್ಲಾಡಿಸಿದಳು. ಸ್ಥಳವಿಲ್ಲದ ಹಾಳೆ ಕಟ್ಟಿಗೆ ಸೇರುವುದಿಲ್ಲ. ಕಟ್ಟು ಹೋಯಿತು, ಹಾಳೆ ಮನೆಗೆ ಬಂತು.

ನನಗೆ ಬಂದ ಸಿಟ್ಟಿಗೆ ಇಸ್ತ್ರಿಪೆಟ್ಟಿಗೆಯ ಕೆಂಡ ಏನೂ ಅಲ್ಲ. "ಬುರುಡೆ ಬಿಟ್ಟೋನು ಬೀಳಲಿ ಬಿಡಕ್ಕಾ! ನಿನ್ನ ಹೆಸರು ಯಾಕೆ ಬೀಳಬೇಕು?"

"ಬಟ್ಟೆ ಕೊಟ್ಟೋರ ಗುಟ್ಟು ಕಣೇ. ನಂದಲ್ಲ" ಎಂದು ನೀರಿನ ತೊಟ್ಟಿಯ ಕಡೆ ತಿರುಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಒಂದೇ ಅಂಗಿಯನ್ನು ಮೂರು ಸಲ ಜಾಲಿಸಿದಳು.

ಗುಟ್ಟು ಕಾಯುವುದು ಅವಳ ಕಾನೂನು, ನನ್ನದಲ್ಲ. ಮರುದಿನ ನಾನೊಬ್ಬಳೇ ಗೂಡಿಗೆ ಹೋದೆ. "ಸಾರ್, ನಿಮ್ಮ ಗುಟ್ಟಿಗೋಸ್ಕರ ನಮ್ಮಕ್ಕನ ಹೆಸರು ಮನೆ ಪೆಟ್ಟಿಗೇಲೇ ಉಳೀತು. ನೀವು ಕಲಿತುಬಿಟ್ರೆ ಗುಟ್ಟೂ ಮುಗೀತು. ಹತ್ತಿ ಸೈಕಲ್ಲು" ಎಂದು ಹಿಂದಿನ ಕ್ಯಾರಿಯರ್ ಹಿಡಿದುಕೊಂಡೆ. ಮೂರು ಭಾನುವಾರ ಅವರ ಜೊತೆ ಓಡಿದೆ. ಭಯದಿಂದ ಹ್ಯಾಂಡಲ್ಲಿನ ಮೇಲೆ ಕವಿಚಿಕೊಳ್ಳುತ್ತಿದ್ದರು. "ಮರವಾಗಿ ಬಗ್ಗಲ್ಲ ಅಂತ ನೀವೇ ಹೇಳಿದ್ದಲ್ವಾ? ಬಗ್ಗಬೇಡಿ, ನೆಟ್ಟಗೆ ಕೂತ್ಕೊಳ್ಳಿ!" ಎಂದು ಗದರಿದೆ. ಊರಿಗೇ ಗದರಿದವರನ್ನು ಗದರುವುದರಲ್ಲಿ ಎಂಥ ಸುಖವಿದೆ ಎಂದು ಹೇಗೆ ಹೇಳಲಿ!

ಬೀಳ್ಕೊಡುಗೆಯ ದಿನ ಮೇಷ್ಟ್ರು ಮೈದಾನ ಒಂದು ಸುತ್ತು ಹೊಡೆದರು. ಚಪ್ಪಾಳೆ. ಎರಡನೇ ಸುತ್ತೂ ಹೊಡೆದರು, ಇನ್ನೂ ಜೋರು ಚಪ್ಪಾಳೆ. ಮೂರನೆಯದು ಶುರುವಾದಾಗ ನನಗೆ ನೆನಪಾಯಿತು. ತುಳಿಯುವುದು ಕಲಿಸಿದ್ದೆ, ಇಳಿಯುವ ಪಾಠಕ್ಕೆ ಇನ್ನೂ ಬಂದಿರಲಿಲ್ಲ. ಓಡಿಹೋಗಿ ಕ್ಯಾರಿಯರ್ ಹಿಡಿದು ನಿಲ್ಲಿಸಿದೆ.

ಮೇಷ್ಟ್ರು ಏದುಸಿರು ಬಿಡುತ್ತಾ ಮೈಕು ಹಿಡಿದರು. "ಹತ್ತು ಮೈಲಿ ಸುಳ್ಳು ಮಕ್ಕಳೇ" ಎಂದರು. "ಕಲಿತದ್ದು ಹೋದ ಭಾನುವಾರ, ಹಳೇ ಇಟ್ಟಿಗೆ ಗೂಡಲ್ಲಿ. ಕಲಿಸಿದ್ದು ಈ ಇಸ್ತ್ರಿ ಅಂಗಡಿಯಮ್ಮ. ಅಲ್ಲೊಂದು ಗಿಡ ಇದೆ, ಅದರ ಮೇಲೆ ನೂರು ಸಲ ಬಿದ್ದಿದೀನಿ. ಅದನ್ನ ಕಂಡುಹಿಡಿದೋರು ಇವರಕ್ಕ. ಆ ಜಾಗದ ಹೆಸರು ಎಲ್ಲಿ ಬೇಕಾದ್ರೂ ಬರ್ಕೊಳ್ಳಮ್ಮಾ." ಮೈದಾನದಲ್ಲಿ ಎದ್ದ ಶಿಳ್ಳೆ ಹತ್ತು ಮೈಲಿಗೆ ಕೇಳಿಸಿರಬೇಕು.

ಹಾಳೆ ಮುಂದಿನ ಕಟ್ಟಿನಲ್ಲಿ ಹೋಯಿತು. ನಾಲ್ಕು ತಿಂಗಳ ಮೇಲೆ ಬಂದ ಉತ್ತರವನ್ನು ಮೇಡಂ ಅಂಗಡಿಯಲ್ಲೇ ಓದಿದರು. ಗಿಡದ ಉದ್ದನೆಯ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಎಲ್ಲೆಡೆ ಬೆಳೆಯುವ ಮಾಮೂಲಿ ಕಳೆಯಂತೆ, ಆದರೆ ನಮ್ಮ ಭಾಗದಿಂದ ಇದರ ಒಂದು ಹಾಳೆಯೂ ಅಲ್ಲಿರಲಿಲ್ಲವಂತೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತಲ್ಲ ಎಂದು ನನಗೆ ಮುಖ ಚಿಕ್ಕದಾಯಿತು. ಅಕ್ಕ ಮಾತ್ರ ಅರಳಿಬಿಟ್ಟಳು. "ದಿನಾ ಕಾಲಿಗೆ ಅಂಟ್ಕೊಂಡು ಬಂದ್ರೂ ಯಾರೂ ಬಗ್ಗಿ ನೋಡಿಲ್ಲ ಅಂದ್ಮೇಲೆ, ಮೊದಲು ನೋಡಿದ್ದು ನಾನೇ ತಾನೇ?"

ಉತ್ತರದ ಜೊತೆ ಹಾಳೆಯ ಫೋಟೋ ಇತ್ತು. ಸಂಗ್ರಹಿಸಿದವರು ಎಂಬಲ್ಲಿ ಅಕ್ಕನ ಹೆಸರು, ಕಾಗುಣಿತ ತಪ್ಪದೆ. ಅದರ ಪಕ್ಕದ ಇಕ್ಕಟ್ಟಿನಲ್ಲಿ ಇನ್ನೊಂದು ಹೆಸರು. ನನ್ನದು.

"ಅಕ್ಕಾ, ನನ್ನದ್ಯಾಕೆ ಬರೆದೆ? ಬೆಕ್ಕು ಬೀಳಿಸ್ತು ಅಂದಿದ್ನಲ್ಲ, ಆ ಎರಡು ಡಬ್ಬದ ಗಿಡ ಕಿತ್ತೆಸೆದಿದ್ದು ನಾನೇ" ಎಂದು ಒಪ್ಪಿಕೊಂಡೆ.

"ಎರಡಲ್ಲ, ಐದು" ಎಂದಳು ಅಕ್ಕ, ಯಾರದೋ ಪ್ಯಾಂಟಿನ ಅಂಚು ಬಿಡಿಸುತ್ತಾ. "ಡಬ್ಬ ಬೀಳಿಸಿದ ಬೆಕ್ಕು ಅದನ್ನ ತೊಳೆದು ಒರೆಸಿ, ಅದರಲ್ಲಿ ಅಂಗಿ ಗುಂಡಿ ತುಂಬಿಸಿಡುತ್ತಾ?"