ಬಂಗಾರಕ್ಕನ ಗದ್ದೆಗೆ ತಪ್ಪಿದ ಚರಗ

ಬಂಗಾರಕ್ಕ, ನಿನ್ನ ಗದ್ದೆ ಆ ವರ್ಷ ಮುಳುಗಿರಲಿಲ್ಲ. ಮುಳುಗಿದೆ ಎಂದು ನಿನ್ನ ಮುಖ ನೋಡಿಕೊಂಡೇ ಹೇಳಿದೆ — ಕಣ್ಣಾರೆ ಕಂಡು ಬಂದು, ಗೊತ್ತಿದ್ದೂ ಹೇಳಿದೆ. ನಿನ್ನೆದುರು ಒಪ್ಪಿಕೊಳ್ಳುವ ಮೊದಲು ಇಲ್ಲಿ ಬರೆದು ನಾಲಗೆ ಪಳಗಿಸಿಕೊಳ್ಳುತ್ತಿದ್ದೇನೆ.

ಅದು ಅರವತ್ತರ ದಶಕ, ಶರಾವತಿಗೆ ಕಟ್ಟಿದ ಅಣೆಕಟ್ಟಿನ ನೀರು ಏರುತ್ತಿದ್ದ ಕಾಲ. ನೀವು ತುಮರಿಯ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಹೊಸನಗರದ ಹತ್ತಿರ ಸರ್ಕಾರ ಕೊಟ್ಟ ಜಾಗಕ್ಕೆ ಬಂದಿದ್ದಿರಿ. ನಾನು ಸಾಗರದವಳು, ಬಿ.ಎ. ಕೊನೆಯ ವರ್ಷ, ಸಮಾಜಸೇವೆ ನನ್ನ ವಿಷಯ. ನೆಲೆ ಕಳೆದುಕೊಂಡ ಒಂದು ಕುಟುಂಬದ ಜೊತೆಗಿದ್ದು, ಅವರು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ನೆರವಾಗಬೇಕು — ನಮ್ಮ ಪರೀಕ್ಷೆಯ ಅರ್ಧಭಾಗವೇ ಅದು. ಎಂಥ ನೆರವು! ಅನ್ನ ಬಸಿಯಲೂ ಬಾರದ ನನ್ನನ್ನು ಸಾಕಿದವಳು ನೀನು. ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯಲು ಕಲಿಸಿದೆ. ನನ್ನ ಗೆರೆ ಎತ್ತು ಉಚ್ಚೆ ಹೊಯ್ದ ಹಾಗಿದೆ ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಆಡಿಕೊಂಡು ನಕ್ಕವರು ಯಾರೂ ಇರಲಿಲ್ಲ. ನಿನ್ನ ಮೇಲೆ ನನಗೆ ಎಷ್ಟು ಪ್ರೀತಿಯಿತ್ತೆಂದರೆ — ಇರಲಿ, ಆ ಮಾತಿಗೆ ಈಗ ಬೆಲೆಯಿಲ್ಲ.

ಭೂಮಿ ಹುಣ್ಣಿಮೆಯೆಂದರೆ ನಿಮಗೆ ಭೂಮಿತಾಯಿಯ ಬಯಕೆಯ ಊಟ. ಪೈರು ಹೊಡೆ ತುಂಬಿದಾಗ ಭೂಮಿ ಬಸುರಿ. ಬಗೆಬಗೆಯ ಸೊಪ್ಪು ಬೇಯಿಸಿ ಚರಗ ಮಾಡಿ, ಬೆಳಗಾಗುವ ಹೊತ್ತಿಗೆ ಗದ್ದೆಗೆ ಬೀರಿ ಅವಳಿಗೆ ಉಣಿಸದೆ ನೀವು ಉಣ್ಣುವವರಲ್ಲ. ಹಳೆಯದು ಗೇಣಿ ಗದ್ದೆ. ಆದರೂ ಮದುವೆಯಾಗಿ ಬಂದಾಗಿನಿಂದ ನೀನು ಉಣಿಸಿದ್ದು ಅದಕ್ಕೇ. ನೀರು ಬಂದಿರದಿದ್ದರೆ ಕಡೆಯದಾಗಿ ಒಂದು ಸಲ ಎಲ್ಲರೂ ಅಲ್ಲಿಗೇ ಹೋಗಿ ಉಣಿಸಿ ಬರಬೇಕೆಂದು ನಿನ್ನ ಹಟ. ಊರವರೆಲ್ಲ ದಿಕ್ಕಾಪಾಲಾಗಿದ್ದರು, ಕೇಳಲು ಬೇರೆ ಯಾರೂ ಇರಲಿಲ್ಲ. ದಸರಾಕ್ಕೆಂದು ನಾನು ತುಮರಿಯ ಚಿಕ್ಕಮ್ಮನ ಮನೆಗೆ ಹೊರಟಾಗ, ಗದ್ದೆ ಇದೆಯೋ ಹೋಯಿತೋ ನೋಡಿಕೊಂಡು ಬಾ ಎಂದೆ ನೀನು.

ನೋಡಿದೆ. ನೀರು ಕೆಳಗಿನ ಹಳ್ಳದವರೆಗೆ ಬಂದು ನಿಂತಿತ್ತು. ಗದ್ದೆಯಲ್ಲಿ, ಯಾರೂ ಬಿತ್ತದಿದ್ದರೂ, ಹಿಂದಿನ ವರ್ಷ ಉದುರಿದ ಕಾಳಿನಿಂದಲೇ ಅಲ್ಲಲ್ಲಿ ಪೈರು ಎದ್ದು ಹೊಡೆ ತುಂಬಿತ್ತು. ಸಂತೋಷದಿಂದ ಓಡಿ ಬರಬೇಕಿತ್ತು — ಲಾಂಚಿನಲ್ಲಿ ಕೂತ ಮೇಲೆ ನೆನಪಾಯಿತು. ಈ ಮನೆಯವರು ಹೊಸ ಜಾಗಕ್ಕೆ ಪೂರ್ತಿ ಒಗ್ಗಿದ್ದಾರೆ, ಹುಣ್ಣಿಮೆಯನ್ನೂ ಇಲ್ಲೇ ಮಾಡುತ್ತಾರೆ ಎಂದು ನಮ್ಮ ಪ್ರೊಫೆಸರಿಗೆ ಆಗಲೇ ಕೊಚ್ಚಿಕೊಂಡಿದ್ದೆ. ಅವರು ಹುಣ್ಣಿಮೆಯ ದಿನವೇ ನೋಡಲು ಬರುವವರಿದ್ದರು. ಬಂದಾಗ ಮನೆಗೆ ಬೀಗ ಬಿದ್ದಿದ್ದರೆ ನನ್ನ ಫಸ್ಟ್ ಕ್ಲಾಸು — ಅಷ್ಟೇ. ಅಷ್ಟಕ್ಕೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

"ಮುಳುಗಿ ಹೋಗಿದೆ ಬಂಗಾರಕ್ಕ. ನೀರು ಬಿಟ್ರೆ ಎಂತದೂ ಕಾಣ್ತಿಲ್ಲ," ಎಂದೆ.

ಹೇಳಿದ ಮೇಲೆ ನನಗೇ ಅಳು ಬಂತು. ನೀನು ಸೆರಗಿನಿಂದ ನನ್ನ ಕಣ್ಣು ಒರೆಸಿದೆ.

"ನೀ ಎಂತಕ್ಕೆ ಅಳ್ತೀಯೇ ತಂಗೀ? ಮುಳುಗಿದ್ದು ನನ್ ಗದ್ದೆ."

ಹುಣ್ಣಿಮೆ ಹೊಸ ಗದ್ದೆಯಲ್ಲೇ ಆಯಿತು. ಪ್ರೊಫೆಸರು ಕಡುಬು ಮತ್ತೆ ಮತ್ತೆ ಹಾಕಿಸಿಕೊಂಡು ಮೆಚ್ಚಿದರು. ಫಸ್ಟ್ ಕ್ಲಾಸೂ ಬಂತು, ತೀರ್ಥಹಳ್ಳಿಯಲ್ಲಿ ಕೆಲಸವೂ ಸಿಕ್ಕಿತು — ಜನರ ಕಷ್ಟ ಕೇಳುವ ಕೆಲಸ. ಮುಂದಿನ ಮಳೆಗಾಲದಲ್ಲಿ ಗದ್ದೆ ನಿಜವಾಗಿಯೂ ಮುಳುಗಿತು. ಹೇಗಿದ್ದರೂ ಮುಳುಗುವುದೇ ಆಗಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡದ್ದೂ ಉಂಟು. ಮುಳುಗುತ್ತದೆಂದೇ ತಾನೆ ನೀನು ಒಮ್ಮೆ ಹೋಗಿ ಬರಬೇಕೆಂದದ್ದು —

ಅಂದಿನಿಂದ ಪ್ರತಿ ಹುಣ್ಣಿಮೆಗೂ ಹೇಳಿಕಳಿಸಿ ನನ್ನನ್ನು ಕರೆಸಿಕೊಂಡಿದ್ದೀಯೆ. ಈ ತಂಗಿ ಹೋಗಿ ನೋಡಿಕೊಂಡು ಬಂದದ್ದರಿಂದಲೇ ನನ್ನ ಮನಸ್ಸು ಇಲ್ಲಿ ನಿಂತಿತು ಎಂದು ಸೊಸೆಯಂದಿರಿಗೆ ಹೇಳುತ್ತೀಯೆ. ನಾನು ತಲೆ ಬಗ್ಗಿಸಿ ಉಣ್ಣುತ್ತೇನೆ.

ಈ ಹುಣ್ಣಿಮೆಗೂ ಬರುತ್ತೇನೆ. ಎಲೆ ಹಾಕುವ ಮೊದಲೇ ಹೇಳುತ್ತೇನೆ. ಆಮೇಲೆ ಬಡಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬಸುರಿಯೊಬ್ಬಳು ನಿನ್ನ ದಾರಿ ಕಾಯುತ್ತ ಉಪವಾಸ ಉಳಿದಳು, ಬಂಗಾರಕ್ಕ. ಅವಳ ಊಟ ತಪ್ಪಿಸಿದವಳು ಪ್ರತಿ ವರ್ಷ ನಿನ್ನ ಮನೆಯಲ್ಲಿ ಹೊಟ್ಟೆ ತುಂಬ ಉಂಡಳು.